ಪ್ರಶ್ನೆ ಯಂತ್ರದ ವೈನಿ

ವನಜಾ ಫೋನ್ ಮಾಡಿ, "ವೈನಿ ಹೋಗ್ಬಿಟ್ರು ಕಣ್ರೀ" ಎಂದಾಗ ನಾನು ಕಾರಿನಲ್ಲಿ ಕೂತು ಬೆಲ್ಟ್ ಹಾಕಿಕೊಳ್ಳುತ್ತಿದ್ದೆ. ಬೆಲ್ಟ್ ಬಿಚ್ಚಿ ಮನೆಯೊಳಗೆ ವಾಪಸು ಬಂದೆ. ಎಲ್ಲಿಗೆ ಹೊರಟಿದ್ದೆನೆಂಬುದು ಸಂಜೆಯವರೆಗೂ ನೆನಪಾಗಲಿಲ್ಲ.

ವೈನಿ ಎಂದರೆ ಧಾರವಾಡದ ಕಡೆಯ ಮನೆಗಳಲ್ಲಿ ಅತ್ತಿಗೆ. ಅವರು ನನಗೂ ಅತ್ತಿಗೆಯಲ್ಲ, ವನಜಾಗೂ ಅಲ್ಲ. ಅವರ ಗಂಡನ ಸ್ನೇಹಿತರು ಹಾಗೆ ಕರೆಯುತ್ತಿದ್ದರೆಂದು ನಾವು ಮೈಸೂರಿನವರೂ ಕರೆದೆವು. ಆಮೇಲೆ ನ್ಯೂಜೆರ್ಸಿಯ ಮೆಟುಚೆನ್ನಿನ ಬಾರುಗಳಲ್ಲೂ ಅದೇ ಹೆಸರು ನಿಂತಿತು. ನಿಜವಾದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಕನ್ನಡ ಸಂಘದ ಸಂಚಿಕೆಗೆ ಫೋಟೋ ಕೇಳಲು ಹೋದವರನ್ನು, "ನನ್ನ ಮಾರಿ ಅಚ್ಚು ಹಾಕಿ ಏನ ಮಾಡ್ತೀರಿ? ಆ ಜಾಗಾದಾಗ ಹೋಳಿಗಿ ಮಾಡೂದು ಹ್ಯಾಂಗಂತ ಬರೀರಿ" ಎಂದು ವಾಪಸು ಕಳಿಸಿದವರು ಅವರು.

ನಾನು ಮದುವೆಯಾಗಿ ಮೆಟುಚೆನ್ನಿಗೆ ಬಂದ ಮೊದಲ ಚಳಿಗಾಲ ಅದು, ಎಂಬತ್ತರ ದಶಕದ ನಡುವಿನಲ್ಲಿ. ಗಂಡ ಬೆಳಿಗ್ಗೆ ರೈಲು ಹಿಡಿದು ಮ್ಯಾನ್‌ಹಾಟನ್ನಿಗೆ ಹೋದರೆ ಮನೆಯಲ್ಲಿ ನಾನು, ಹೀಟರಿನ ಸದ್ದು ಇಬ್ಬರೇ. ನನ್ನ ವೀಸಾದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಒಂದು ಮಧ್ಯಾಹ್ನ ಕಸ ಹಾಕಲು ಕೆಳಗಿಳಿದಾಗ ಪಾರ್ಕಿಂಗ್ ಲಾಟಿನಲ್ಲಿ ಒಬ್ಬ ಹೆಂಗಸು ಸೀರೆಯ ನಿರಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಮೇಲೆ ಗಂಡಸರ ದಪ್ಪ ಕೋಟು, ಕಾಲಿಗೆ ಸ್ನೋ ಬೂಟು ಹಾಕಿಕೊಂಡು ಸ್ಟೇಷನ್ ವ್ಯಾಗನ್ನಿನ ಹಿಂಬಾಗಿಲ ಬಳಿ ನಿಂತಿದ್ದರು. ನನ್ನ ಹಣೆಯ ಕುಂಕುಮ ನೋಡಿದ್ದೇ ಕನ್ನಡದಲ್ಲೇ ಕೂಗಿದರು.

"ತಂಗಿ, ಇದನ್ನ ಒಂದ ಕಡೆ ಹಿಡೀತಿಯೇನು?"

ನಾನು ಕನ್ನಡದವಳೆಂದು ಹೇಗೆ ಗೊತ್ತಾಯಿತೆಂದು ಆಮೇಲೆ ಕೇಳಿದ್ದೆ. "ಗೊತ್ತೇನಿರಲಿಲ್ಲ. ತೆಲುಗಿನವರಾಗಿದ್ರೂ ಹಿಡೀತಿದ್ರು" ಎಂದರು.

ಹಿಡಿದದ್ದು ಟೀವಿಯಂಥ ಪರದೆಯಿದ್ದ ಒಂದು ಪೆಟ್ಟಿಗೆ. ಕೆಳಗೆ ನಾಲ್ಕು ಬಟನ್‌ಗಳು, ಪಕ್ಕದಲ್ಲಿ ಕ್ವಾರ್ಟರ್ ನಾಣ್ಯ ಹಾಕುವ ಸೀಳು. ಇಳಿಸುವುದಕ್ಕೂ ಜನ ಬೇಕೆಂದು ನನ್ನನ್ನೂ ವ್ಯಾಗನ್ನಿಗೆ ಹತ್ತಿಸಿಕೊಂಡರು. ರೈಲು ಸ್ಟೇಷನ್ನಿನ ಎದುರು ನಿಲ್ಲಿಸಿದಾಗಲೇ ನನಗೆ ತಿಳಿದದ್ದು ನಾವು ಹೊರಟಿರುವುದು ಕುಡಿಯುವ ಬಾರೊಂದಕ್ಕೆ ಎಂದು. ನಾನು ಹಿಂದೆ ಸರಿದೆ. ಪಕ್ಕದಲ್ಲಿ ಸಾಮಾನು ಇಳಿಸುವ ಬಾಗಿಲಿತ್ತು. "ಅಲ್ಲಿಂದ ಹೋಗೋಣವಾ?" ಎಂದೆ.

"ಯಾಕ? ನಾವೇನು ಕದೀಲಿಕ್ಕೆ ಬಂದೇವೇನು? ಮುಂದಿನ ಬಾಗಲಾ ನೂಕು."

ನೂಕಿದೆ. ಹೀಗೆ ನಾನು ಜೀವನದಲ್ಲಿ ಮೊದಲ ಸಲ ಬಾರಿನೊಳಗೆ ಕಾಲಿಟ್ಟದ್ದು, ಪೆಟ್ಟಿಗೆಯ ಒಂದು ಕೊನೆ ಹಿಡಿದುಕೊಂಡು, ಹಿಮ್ಮುಖವಾಗಿ.

ಅದು ಕ್ವಿಜ್ ಮೆಷಿನ್ನು. ನಾಣ್ಯ ಹಾಕಿದರೆ ಪರದೆಯ ಮೇಲೆ ಪ್ರಶ್ನೆ, ಕೆಳಗೆ ನಾಲ್ಕು ಉತ್ತರ. ಸರಿಯಾದದ್ದನ್ನು ಒತ್ತಿದರೆ ಅಂಕ, ತಪ್ಪಿದರೆ ಆಟ ಮುಗಿಯಿತು. ಗೆದ್ದವನಿಗೆ ದುಡ್ಡಿಲ್ಲ, ಹೆಸರಿನ ಮೂರಕ್ಷರವನ್ನು ಪರದೆಯ ಮೇಲೆ ಬರೆದುಕೊಳ್ಳಬಹುದು, ಅಷ್ಟೆ. ಆ ಮೂರಕ್ಷರಕ್ಕಾಗಿ ದೊಡ್ಡ ದೊಡ್ಡ ಗಂಡಸರು ಗ್ಲಾಸು ಕೆಳಗಿಟ್ಟು ಜಗಳವಾಡುತ್ತಿದ್ದರು. ಒಬ್ಬನಿಗೆ ಬೇಸ್‌ಬಾಲ್ ಗೊತ್ತು, ಇನ್ನೊಬ್ಬನಿಗೆ ಹಳೆಯ ಸಿನಿಮಾ, ಮತ್ತೊಬ್ಬ ಎರಡನೇ ಮಹಾಯುದ್ಧಕ್ಕೆ ಹೋಗಿ ಬಂದವನು. ಎಲ್ಲರೂ ಸೇರಿದರೆ ಒಬ್ಬ ಬುದ್ಧಿವಂತ.

ಈ ಯಂತ್ರಗಳನ್ನು ಬಾರುಗಳಲ್ಲಿ ಇಡುವ ವ್ಯವಹಾರ ಶುರುಮಾಡಿದ್ದು ವೈನಿಯ ಗಂಡ. ಅವರು ಎಂಜಿನಿಯರ್, ಕೆಲಸದ ಜೊತೆಗೆ ಸ್ವಂತದ್ದೊಂದು ಇರಲೆಂದು ಹಿಡಿದದ್ದು. ನಾನು ಬರುವ ಮೊದಲೇ, ಒಂದು ಬೆಳಿಗ್ಗೆ ರೈಲಿಗೆ ಕಾಯುತ್ತ ಪ್ಲಾಟ್‌ಫಾರ್ಮಿನ ಮೇಲೆಯೇ ಎದೆ ಹಿಡಿದುಕೊಂಡು ಕುಸಿದವರು ಮತ್ತೆ ಏಳಲಿಲ್ಲ. ಧಾರವಾಡದಿಂದ ವೈನಿಯ ಅಣ್ಣ ಬಂದು, ಮೆಷಿನ್ನುಗಳನ್ನು ಮಾರಿ ಮಕ್ಕಳನ್ನು ಕರೆದುಕೊಂಡು ಊರಿಗೆ ನಡಿ ಎಂದರಂತೆ. "ಮಕ್ಕಳ ಸಾಲಿ ಇಲ್ಲೇ ಅದ. ಮಷಿನ್ನೂ ಇಲ್ಲೇ ಅವ. ನಾ ಅಲ್ಲಿ ಬಂದು ಏನ ಮಾಡ್ಲಿ?" ಎಂದು ಇವರು ಅಣ್ಣನಿಗೆ ವಾಪಸು ಟಿಕೆಟ್ ಮಾಡಿಸಿದರು. ಗಂಡ ಬೇಸ್‌ಮೆಂಟಿನಲ್ಲಿ ಬೆಸುಗೆ ಹಾಕುವಾಗ ಟಾರ್ಚ್ ಹಿಡಿದು ನಿಂತು ಕಲಿತದ್ದಷ್ಟೇ ಅವರ ಬಂಡವಾಳ. ಬಿಚ್ಚಿದ್ದೆಲ್ಲ ಮೊದಲ ಸಲಕ್ಕೇ ಸರಿಹೋಗುತ್ತಿತ್ತೆಂದೇನೂ ಅಲ್ಲ. ಒಮ್ಮೆ ರಿಪೇರಿ ಮಾಡಿಟ್ಟ ಯಂತ್ರ ಪ್ರತಿಯೊಂದು ಉತ್ತರವನ್ನೂ ತಪ್ಪೆಂದು ಕೂಗಿ, ಬಾರಿನ ತುಂಬ ನಗೆಯೆದ್ದಿತ್ತು. ವೈನಿ ನಗಲಿಲ್ಲ, ಕೋಪಿಸಿಕೊಳ್ಳಲೂ ಇಲ್ಲ. ಬಾರಿನ ನೆಲದ ಮೇಲೆ ಪತ್ರಿಕೆ ಹಾಸಿ, ಚಕ್ಕಳಮಕ್ಕಳ ಕೂತು, ಮತ್ತೆ ಬಿಚ್ಚಿದರು.

ಆ ದಿನದಿಂದ ನಾನು ಅವರ ಜೊತೆಯಾದೆ. ಹಗಲು ಹೊತ್ತಿನಲ್ಲಿ ಮೆಟುಚೆನ್, ಎಡಿಸನ್, ಓಲ್ಡ್ ಬ್ರಿಡ್ಜ್ ಎಂದು ಸುತ್ತುವುದು. ನನಗೆ ಡ್ರೈವ್ ಮಾಡಲು ಕಲಿಸಿದವರೂ ಅವರೇ. ಬಾರಿನಲ್ಲಿ ಅವರು ಕುಡಿಯುತ್ತಿದ್ದದ್ದು ಐಸಿಲ್ಲದ ಜಿಂಜರ್ ಏಲ್, ಅಂದರೆ ಶುಂಠಿ ಸೋಡಾ. ಅವರ ಇಂಗ್ಲಿಷಿಗೂ ಧಾರವಾಡದ ಏರಿಳಿತವಿತ್ತು. ವಾಕ್ಯದ ಕೊನೆಗೆ "ನೋಡ್ರಿ" ಎಂದು ಸೇರಿಸುವುದನ್ನು ಅವರು ಅಮೆರಿಕನ್ನರ ಮುಂದೆಯೂ ಬಿಡಲಿಲ್ಲ. ಸ್ಟೇಷನ್ ಎದುರಿನ ಆ ಬಾರಿನ ಮಾಲೀಕ ಫ್ರಾಂಕ್, ಕೊನೆಕೊನೆಗೆ ತಾನೂ ಗಿರಾಕಿಗಳಿಗೆ "ನೋಡ್ರಿ" ಎನ್ನುತ್ತಿದ್ದ.

ನಮ್ಮವರಿಗೆ ಇದನ್ನು ಸಹಿಸಲಾಗಲಿಲ್ಲ. ಗಂಡ ಸತ್ತ ಹೆಂಗಸು ಬಾರು ಬಾರು ತಿರುಗುತ್ತಾಳೆ ಎಂಬ ಮಾತು ಯುಗಾದಿ, ದೀಪಾವಳಿಯ ಊಟಗಳಲ್ಲಿ ಎಲೆಯಿಂದೆಲೆಗೆ ಹರಿಯುತ್ತಿತ್ತು. ಎಲ್ಲರಿಗಿಂತ ಮುಂದಿದ್ದವಳು ವನಜಾ. ಅವಳ ಗಂಡನನ್ನು ಮೂರ್ತಿ ಎಂದು ಕರೆಯೋಣ. ಸಂಘದ ನಾಟಕಗಳನ್ನೆಲ್ಲ ಆಡಿಸುತ್ತಿದ್ದ, ಗಟ್ಟಿ ದನಿಯ, ಎಲ್ಲರಿಗೂ ಬೇಕಾದ ಮನುಷ್ಯ. ಒಂದು ಯುಗಾದಿಗೆ ವೈನಿ ತಂದಿದ್ದ ಹೋಳಿಗೆಯ ಟ್ರೇ ಮುಂದೆ ಬಂದಾಗ ವನಜಾ ಪಕ್ಕದವಳಿಗೆ, "ಬಾರಿನಿಂದ ಸೀದಾ ಬಂದಿರ್ಬೇಕು, ನನಗೆ ಬೇಡಪ್ಪ" ಎಂದಳು. ಮೆಲ್ಲಗೇ ಅಂದಳು, ಆದರೆ ಕೇಳಿಸುವ ಹಾಗೆ. ವೈನಿ ಟ್ರೇ ಎತ್ತಿಕೊಂಡು ಸೀದಾ ಅವಳೆದುರು ಬಂದು ನಿಂತರು.

"ಇವತ್ತ ಬಾರಿಗೆ ರಜಾ ಹಾಕೇನಿ, ವನಜಾಬಾಯಿ. ಕೈ ಎರಡ ಸಲ ತೊಳದೇನಿ. ತಿನ್ನೂದಾದ್ರ ತಿನ್ರಿ, ಇಲ್ಲಾಂದ್ರ ಹಿಂದ ಮಂದಿ ನಿಂತಾರ."

ವನಜಾ ತಿನ್ನಲಿಲ್ಲ. ಮೂರ್ತಿ ನಗುತ್ತ ಎರಡು ಹಾಕಿಸಿಕೊಂಡರು.

ಕ್ವಿಜ್ ಯಂತ್ರಗಳ ಕಾಲ ನಾವು ನೋಡನೋಡುತ್ತಲೇ ಇಳಿಯತೊಡಗಿತು. ಪ್ರಶ್ನೆಗಳೆಲ್ಲ ಒಳಗಿನ ಎಲೆಕ್ಟ್ರಾನಿಕ್ ಚಿಪ್ಪಿನಲ್ಲಿರುತ್ತಿದ್ದವು. ದಿನಾ ಬರುವ ಗಿರಾಕಿಗಳಿಗೆ ಅವೆಲ್ಲ ಬಾಯಿಪಾಠವಾಗಿ, ಪ್ರಶ್ನೆ ಪೂರ್ತಿ ಮೂಡುವ ಮೊದಲೇ ಬಟನ್ ಒತ್ತುತ್ತಿದ್ದರು. ಹೊಸ ಚಿಪ್ಪು ಕಳಿಸುತ್ತಿದ್ದ ಕಂಪನಿ ಮುಚ್ಚಿಹೋಯಿತು. "ನಾವ ಪ್ರಶ್ನಿ ಮಾಡೂಣು" ಎಂದರು ವೈನಿ. ಚಿಪ್ಪಿನೊಳಗೆ ಬರೆಯುವ, ಯಾರದೋ ಹಳೆಯ ಸಣ್ಣ ಯಂತ್ರವೊಂದನ್ನು ತಂದರು. ನಾನು ಲೈಬ್ರರಿಯಲ್ಲಿ ಕೂತು ಪ್ರಶ್ನೆ ಬರೆದೆ. ನನಗೆ ಕೆಲಸವಿಲ್ಲವೆಂಬ ಸಂಕಟ ಹೋದದ್ದು ಆ ತಿಂಗಳುಗಳಲ್ಲಿ. ಆದರೆ ನನ್ನ ಪ್ರಶ್ನೆಗಳು ನನ್ನ ಹಾಗೆಯೇ ಇದ್ದವು. ಫ್ರಾಂಕಿನ ಬಾರಿಗೆ ದಿನಾ ಬರುತ್ತಿದ್ದ ಜಿಮ್ಮಿ ಎಂಬ ನಿವೃತ್ತ ಅಂಚೆಯವನು ಒಂದು ದಿನ ವೈನಿಯನ್ನು ತಡೆದು ನಿಲ್ಲಿಸಿದ.

"ಏಲಕ್ಕಿ ಗಿಡದ ಯಾವ ಭಾಗದಲ್ಲಿ ಬಿಡುತ್ತದೆ ಅಂತ ಕೇಳುತ್ತದೆ ನಿನ್ನ ಮೆಷಿನ್ನು. ನಾನು ನ್ಯೂಜೆರ್ಸಿಯಲ್ಲಿ ಹುಟ್ಟಿದವನು!"

"ಈಗ ಗೊತ್ತಾಯಿತೋ ಇಲ್ಲವೋ?"

"ಗೊತ್ತಾಯಿತು. ಬುಡದಲ್ಲಿ."

"ಮತ್ತೇನು! ಹೆಂಡತಿಗೆ ಹೋಗಿ ಹೇಳು, ನೋಡ್ರಿ."

ಆದರೂ ಬೇರೆ ಬಾರುಗಳಲ್ಲಿ ಜನ ಕಡಿಮೆಯಾದರು, ಯಾಕೆಂದರೆ ಪಕ್ಕದಲ್ಲಿ ಇನ್ನೊಂದು ಯಂತ್ರ ಬಂದು ಕೂತಿತ್ತು. ಅದರ ಪರದೆಯ ಮೇಲೆ ಐದು ಇಸ್ಪೀಟ್ ಎಲೆಗಳು. ಹಣೆಯ ಮೇಲೆ 'ಕೇವಲ ಮನರಂಜನೆಗಾಗಿ' ಎಂದು ಇಂಗ್ಲಿಷಿನಲ್ಲಿ ಅಂಟಿಸಿರುತ್ತಿದ್ದರು. ಗೆದ್ದವನಿಗೆ ಬಾರಿನವನು ಕೌಂಟರಿನ ಕೆಳಗಿನಿಂದ ಕೈಯಲ್ಲಿ ದುಡ್ಡು ಇಡುತ್ತಿದ್ದ. ಕಾನೂನಿಗೆ ವಿರುದ್ಧವೆಂದು ಎಲ್ಲರಿಗೂ ಗೊತ್ತು. ಇಟ್ಟವರಿಗೂ, ಆಡುವವರಿಗೂ, ಮೂಲೆಯಲ್ಲಿ ಬಿಯರ್ ಕುಡಿಯುತ್ತ ಕೂತ ರಜೆಯ ಪೊಲೀಸಿನವನಿಗೂ. ಬಾರಿನವರು ವೈನಿಗೆ ಹೇಳತೊಡಗಿದರು: ಇಸ್ಪೀಟ್ ಮೆಷಿನ್ನು ಕೊಡುವ ಹಾಗಿದ್ದರೆ ಬಾ, ಇಲ್ಲದಿದ್ದರೆ ನಿನ್ನ ಪ್ರಶ್ನೆ ಪೆಟ್ಟಿಗೆ ಎತ್ತಿಕೊಂಡು ಹೋಗು. ವೈನಿ ಎತ್ತಿಕೊಂಡು ಬಂದರು. ಒಂದಾದ ಮೇಲೊಂದು ಬಾರು ಹೋಯಿತು. ಬೇಸ್‌ಮೆಂಟಿನಲ್ಲಿ ಯಂತ್ರಗಳು ಒಂದರ ಮೇಲೊಂದು ಕೂತವು. ಬೆಳಗಿನ ಹೊತ್ತು ಔಷಧಿ ಅಂಗಡಿಯಲ್ಲಿ ಕ್ಯಾಷಿಯರ್ ಕೆಲಸಕ್ಕೂ ಸೇರಿಕೊಂಡರು.

ಮಗಳು ಕಾಲೇಜಿಗೆ ಹೋಗುವ ವರ್ಷ ಫ್ರಾಂಕ್ ಕೂಡ ಅದೇ ಮಾತು ಆಡಿದ. ನನಗೆ ಬೇರೆಯವರ ಮೆಷಿನ್ನು ಬೇಡ, ನಿನ್ನದೇ ತಂದಿಡು, ಒಂದೇ ಒಂದು ಎಂದ. ವೈನಿ ಒಂದು ವಾರ ಮಗಳ ಕಾಲೇಜಿನ ಫೀಸಿನ ಲೆಕ್ಕ ಹಾಕಿದರು. ಆಮೇಲೆ, "ಒಂದ ಇಡೂಣು, ತಂಗಿ" ಎಂದರು. ಇಟ್ಟೆವು. ಇಬ್ಬರೂ ಸೇರಿಯೇ ಎತ್ತಿ ಇಟ್ಟೆವು. ಹೊರಗೆ ಬಂದು ವ್ಯಾಗನ್ ಹತ್ತಿದ ಮೇಲೆ ಅವರು ಬಾರಿನ ಗಾಜಿನತ್ತ ಕೈ ತೋರಿಸಿದರು.

"ಪ್ರಶ್ನಿ ಮಷಿನ್ ಮುಂದ ನಾಕ ಮಂದಿ ಕೂಡಿ ಜಗಳಾಡ್ತಾರ. ಇದರ ಮುಂದ ನೋಡೀಯೇನು? ಒಬ್ಬನ ಕೂಡ್ತಾನ. ಯಾರ ಕಡೆನೂ ತಿರುಗೂದಿಲ್ಲ."

ಆ ಬೇಸಿಗೆ ಕಳೆದು ಎಲೆ ಉದುರುವ ಹೊತ್ತಿಗೆ ಒಂದು ಸಂಜೆ ವೈನಿಗೆ ಫೋನ್ ಬಂತು. ನಾನು ಅವರ ಅಡುಗೆಮನೆಯಲ್ಲೇ ಇದ್ದೆ. ಆ ಕಡೆಯಿಂದ ಮಾತಿಗಿಂತ ಅಳುವೇ ಹೆಚ್ಚು ಕೇಳಿಸುತ್ತಿತ್ತು. ವೈನಿ ರಿಸೀವರನ್ನು ನನ್ನ ಕಿವಿಯತ್ತ ಸ್ವಲ್ಪ ಓರೆ ಮಾಡಿದರು. ವನಜಾ.

"ನೀವು ಬಾರಿಗೆಲ್ಲ ಹೋಗ್ತೀರಲ್ಲ, ನಿಮಗೆ ಗೊತ್ತಿರುತ್ತೆ ಅಂತ ಮಾಡ್ದೆ. ಇವರು ದಿನಾ ಟ್ರೈನ್ ಲೇಟು ಅಂತಾರೆ. ನಾಟಕದ ರಿಹರ್ಸಲ್ಲಿಗೂ ಹೋಗ್ತಿಲ್ಲ. ಮಕ್ಕಳ ಹತ್ರ ಮಾತಿಲ್ಲ. ಸ್ಟೇಷನ್ ಎದುರಿನ ಬಾರಲ್ಲಿ ಇವರನ್ನ ನೋಡಿದೀವಿ ಅಂತ ಯಾರೋ ಅಂದ್ರು. ಕುಡಿಯೋದಾದ್ರೆ ವಾಸನೆ ಬರ್ಬೇಕಲ್ವಾ? ವಾಸನೆ ಇಲ್ಲ ಕಣ್ರೀ. ಏನು ಮಾಡ್ತಾರೆ ಅಲ್ಲಿ?"

ವೈನಿ "ನಾ ನೋಡಿ ಹೇಳ್ತೀನಿ" ಎಂದು ಫೋನ್ ಇಟ್ಟು, ಕೋಟು ಹಾಕಿಕೊಂಡರು. ಕತ್ತಲಾದ ಮೇಲೆ ಬಾರಿಗೆ ಹೋಗುವುದಿಲ್ಲವೆಂಬ ಅವರ ನಿಯಮ ಆ ದಿನ ಮುರಿಯಿತು.

ಮೂರ್ತಿ ನಮ್ಮ ಇಸ್ಪೀಟ್ ಯಂತ್ರದ ಮುಂದೆ ಕೂತಿದ್ದರು. ಕೋಟು ಬಿಚ್ಚಿರಲಿಲ್ಲ, ಬ್ರೀಫ್‌ಕೇಸು ಎರಡು ಕಾಲಿನ ನಡುವೆ. ವೇದಿಕೆಯ ಮೇಲೆ ಅಷ್ಟು ಗಟ್ಟಿಯಾಗಿ ಮಾತಾಡುವ ಮನುಷ್ಯ ಬಾಯಿ ಅರೆ ತೆರೆದುಕೊಂಡು ಎಲೆಗಳನ್ನು ನೋಡುತ್ತಿದ್ದರು. ನಾವು ಪಕ್ಕದಲ್ಲೇ ನಿಂತರೂ ತಿಳಿಯಲಿಲ್ಲ. ವೈನಿ ಯಂತ್ರದ ಹಿಂದೆ ಹೋಗಿ ಗೋಡೆಯಿಂದ ಪ್ಲಗ್ ಕಿತ್ತರು.

ಮೂರ್ತಿ ಬೆಚ್ಚಿ ಎದ್ದರು. "ಏನ್ರೀ ಇದು? ಆಟ ನಡೀತಿತ್ತು!"

"ಮಷಿನ್ ನಂದು. ಒಯ್ಲಿಕ್ಕೆ ಬಂದೇನಿ."

ಫ್ರಾಂಕ್ ಕೌಂಟರ್ ದಾಟಿ ಬಂದ. ವೈನಿ ಅವನಿಗೆ ಇಂಗ್ಲಿಷಿನಲ್ಲಿ, ಇದು ಇನ್ನು ಇಲ್ಲಿರುವುದಿಲ್ಲ ಎಂದರು. ಫ್ರಾಂಕ್ ತಲೆ ಕೆರೆದುಕೊಂಡ. ನೀನು ಒಯ್ದರೆ ನಾಳೆ ಇನ್ನೊಬ್ಬ ತಂದಿಡುತ್ತಾನೆ ವೈನಿ, ಈ ಮನುಷ್ಯನಿಗೇನು ವ್ಯತ್ಯಾಸ ಎಂದ. ವ್ಯತ್ಯಾಸ ನನಗೆ ಎಂದರು. ಆ ರಾತ್ರಿಯೇ ವನಜಾಗೂ ಫೋನಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಆದರೆ ಫ್ರಾಂಕ್ ಹೇಳಿದ ಹಾಗೆಯೇ ಆಯಿತು. ನಾವು ಯಂತ್ರವನ್ನು ಹೊತ್ತು ತಂದ ಕೆಲವೇ ದಿನಗಳಲ್ಲಿ ಅದೇ ಜಾಗದಲ್ಲಿ ಅದೇ ಐದು ಎಲೆಗಳ ಹೊಸ ಯಂತ್ರ ಬಂದು ಕೂತಿತು. ಅದರ ಮುಂದೆ ಮೂರ್ತಿಯೂ ಕೂತರು. ಹೊಸ ಯಂತ್ರದವನು ನಮ್ಮ ಕ್ವಿಜ್ ಪೆಟ್ಟಿಗೆಯನ್ನೂ ಎತ್ತಿಸಲು ನೋಡಿದ, ಆದರೆ ಜಿಮ್ಮಿ ಮತ್ತು ಅವನ ಗೆಳೆಯರು ಅಡ್ಡ ಬಂದದ್ದರಿಂದ ಅದೊಂದು ಉಳಿಯಿತು.

ನಾನಾಗಿದ್ದರೆ ಅಲ್ಲಿಗೆ ಬಿಡುತ್ತಿದ್ದೆ. "ನೀವು ಮಾಡೋದು ಮಾಡಿದ್ರಿ ವೈನಿ" ಎಂದು ಹೇಳಿಯೂ ಹೇಳಿದೆ.

"ಏನ ಮಾಡಿದೆ? ರುಚಿ ಹಚ್ಚಿದಾಕಿ ನಾನ. ಮಷಿನ್ ಮನಿಗೆ ತಂದ್ರ ರುಚಿ ಹೋಗ್ತದೇನು?"

ಆ ಮಾತಾದ ಮರುದಿನ ಸಂಜೆ, ಮ್ಯಾನ್‌ಹಾಟನ್ನಿನ ರೈಲು ಬರುವ ಮೊದಲೇ ವೈನಿ ಬಾರಿಗೆ ಹೋಗಿ ಕ್ವಿಜ್ ಯಂತ್ರದ ಮುಂದೆ, ಇಸ್ಪೀಟ್ ಯಂತ್ರಕ್ಕೆ ಮೊಣಕೈ ತಾಗುವಷ್ಟು ಹತ್ತಿರ, ಸ್ಟೂಲಿನ ಮೇಲೆ ಕೂತರು. ಮೂರ್ತಿ ಬಂದು ಅವರನ್ನು ನೋಡಿ ಬಾಗಿಲಲ್ಲೇ ನಿಂತರು. ಮತ್ತೆ ಬಂದು ಕೂತರು. ವೈನಿ ತಮ್ಮ ಪಾಡಿಗೆ ಪ್ರಶ್ನೆ ಆಡಿದರು. ಹೆಚ್ಚಿನವು ತಪ್ಪಾಗುತ್ತಿದ್ದವು, ಬೇಸ್‌ಬಾಲ್ ಅವರಿಗೆ ಕೊನೆಯವರೆಗೂ ತಲೆಗೆ ಹತ್ತಲಿಲ್ಲ. ಮೂರ್ತಿ ಏಳುವವರೆಗೆ ಕೂತಿದ್ದು, ಅವರು ಎದ್ದಾಗ ತಾವೂ ಎದ್ದು ಬಂದರು. ಅದರ ಮರುದಿನವೂ ಹಾಗೇ. ಆ ಚಳಿಗಾಲವೆಲ್ಲ ಹಾಗೇ.

ಮೂರ್ತಿ ಮೊದಲು ನಕ್ಕರು. ಆಮೇಲೆ ಸಿಟ್ಟಾದರು.

"ನೋಡಿ, ಇದು ನನ್ನ ಪರ್ಸನಲ್ ಮ್ಯಾಟರ್ರು. ನನ್ನ ಹಿಂದೆ ಗೂಢಚಾರಿಕೆ ಮಾಡೋಕೆ ನೀವ್ಯಾರು?"

"ಗೂಢಚಾರಿಕಿ ಅಲ್ರಿ, ಕಣ್ಣೆದುರಿಗೇ ಕೂತೇನಿ. ನೀವು ಆಡ್ರಿ. ನಾನೂ ಆಡ್ತೀನಿ."

"ನಾಳೆ ಬೇರೆ ಬಾರಿಗೆ ಹೋಗ್ತೀನಿ."

"ಹೋಗ್ರಿ. ಈ ಕೌಂಟಿಯೊಳಗ ನನಗ ಗೊತ್ತಿಲ್ಲದ ಬಾರ್ ಯಾವದದ?"

ಅವರು ನಿಜಕ್ಕೂ ಎಡಿಸನ್ನಿನ ಇನ್ನೊಂದು ಬಾರಿಗೆ ಹೋದರು. ವೈನಿ ಅಲ್ಲಿಯೂ ಹೋಗಿ ಕೂತರು. ಅಲ್ಲಿ ಕ್ವಿಜ್ ಯಂತ್ರವಿರಲಿಲ್ಲವಾದ್ದರಿಂದ ಸ್ವೆಟರ್ ಹೆಣೆಯುತ್ತ ಕೂತರಂತೆ. ಮೂರ್ತಿ ಫ್ರಾಂಕಿನಲ್ಲಿಗೇ ವಾಪಸು ಬಂದರು. ವೈನಿಯ ಮಗಳು ರಜೆಗೆ ಮನೆಗೆ ಬಂದಿದ್ದವಳು, "ಮಾಮ್, ಹೀ ಈಸ್ ನಾಟ್ ಯುವರ್ ಪ್ರಾಬ್ಲಂ" ಎಂದು ರೇಗಿದಳು. "ಹಂಗಾದ್ರ ಯಾರ ಪ್ರಾಬ್ಲಂ? ಹೆಸರು ಹೇಳು, ಅವರನ್ನ ಕೂಡಸ್ತೀನಿ" ಎಂದರು ವೈನಿ.

ಊರಿನ ಮಾತು ಈಗ ಇನ್ನೂ ಕೆಟ್ಟ ದಾರಿ ಹಿಡಿಯಿತು. ಇಬ್ಬರೂ ದಿನಾ ಸಂಜೆ ಬಾರಿನಲ್ಲಿ ಜೊತೆಗೆ ಕೂರುತ್ತಾರಂತೆ ಎಂದರು. ಆ ಮಾತು ವನಜಾಳ ಕಿವಿಗೂ ಬಿತ್ತು. ಒಂದು ಸಂಜೆ ಅವಳು ನನಗೆ ಫೋನ್ ಮಾಡಿ, "ನನ್ನ ಅಲ್ಲಿಗೆ ಕರ್ಕೊಂಡು ಹೋಗ್ತೀರಾ?" ಎಂದಳು. ಹಿಮ ಬೀಳುತ್ತಿತ್ತು. ಬಾರಿನ ಮುಂದೆ ಕಾರು ನಿಲ್ಲಿಸಿದೆ. ಅವಳು ಇಳಿಯಲಿಲ್ಲ.

"ಒಳಗೆ ಬರಲ್ಲ ಕಣ್ರೀ. ಇಲ್ಲಿಂದಲೇ ನೋಡ್ತೀನಿ."

ಗಾಜಿನಿಂದ ಇಬ್ಬರ ಬೆನ್ನು ಕಾಣುತ್ತಿತ್ತು. ಒಂದು ಬೆನ್ನು ಯಂತ್ರದ ಕಡೆಗೆ ಬಾಗಿತ್ತು. ಇನ್ನೊಂದು ನೆಟ್ಟಗೆ ಕೂತಿತ್ತು, ಶಾಲು ಹೊದ್ದುಕೊಂಡು. ಇಬ್ಬರೂ ಮಾತಾಡುತ್ತಿರಲಿಲ್ಲ. ವೈನಿ ಒಮ್ಮೆ ಕೈ ಹಿಂದೆ ಹಾಕಿ ಸೊಂಟ ಒತ್ತಿಕೊಂಡರು. ಬೆನ್ನುನೋವು ಅವರಿಗೆ ಮೊದಲಿನಿಂದಲೂ ಇತ್ತು. ವನಜಾ ಅದನ್ನು ನೋಡಿದಳು. ಬಾಗಿಲು ತೆಗೆದು ಇಳಿದಳು. ನಾನು ಇಳಿಯುವ ಮೊದಲೇ ಹಿಮದಲ್ಲಿ ಚಪ್ಪಲಿ ಎಳೆದುಕೊಂಡು ಒಳಗೆ ಹೋಗಿಬಿಟ್ಟಿದ್ದಳು.

ನಾನು ಹೋಗುವಷ್ಟರಲ್ಲಿ ವೈನಿ ತಮ್ಮ ಸ್ಟೂಲು ಬಿಟ್ಟು ಎದ್ದಿದ್ದರು. "ಬಾ ವನಜಾ, ಇಲ್ಲೆ ಕೂಡು. ನನಗ ಬೆನ್ನ ಬ್ಯಾನಿ ಹತ್ತೇದ" ಎನ್ನುತ್ತಿದ್ದರು. ವನಜಾಬಾಯಿ ಎನ್ನುವ ಮರ್ಯಾದೆಯನ್ನು ಆ ಸಂಜೆ ಬಿಟ್ಟರು, ಮತ್ತೆಂದೂ ಸೇರಿಸಲಿಲ್ಲ. ವನಜಾ ಕೂತಳು. ಮೂರ್ತಿಯ ಕೈ ಬಟನ್ನಿನ ಮೇಲೆಯೇ ನಿಂತಿತು. ಅವರು ತಿರುಗಿ ನೋಡಲಿಲ್ಲ. ವನಜಾ ಗಂಡನ ಪಕ್ಕದಲ್ಲಿ ಕೂತು ಆ ಐದು ಎಲೆಗಳನ್ನೇ ನೋಡಿದಳು. ಆಮೇಲೆ ಕೇಳಿದಳು:

"ಇದೇನಾ? ಇಷ್ಟೇನಾ ಇದು?"

ಮೂರ್ತಿಯ ಮುಖ ಕುಗ್ಗಿಹೋಯಿತು. ಆ ಯಂತ್ರದ ಮುಂದೆ ಅವರು ಏನೇನು ಕಳೆದುಕೊಂಡರೋ, ಅದನ್ನೆಲ್ಲ ಈ ಒಂದು ಪ್ರಶ್ನೆಯಲ್ಲಿ ಕಂಡ ಹಾಗಿತ್ತು. "ಇಷ್ಟೇ" ಎಂದರು. ಆಮೇಲೆ, ಕನ್ನಡ ಸಂಘದ ಹಿಂದಿನ ಸಾಲಿಗೂ ಕೇಳಿಸುತ್ತಿದ್ದ ಆ ದನಿಯಲ್ಲಲ್ಲ, ಬೇರೆ ಯಾರದೋ ದನಿಯಲ್ಲಿ, "ಎದ್ದು ಹೋಗೋಕೆ ಆಗ್ತಿಲ್ಲ ವನಜಾ" ಎಂದರು.

ವೈನಿ ಕೇಳಿಸಿಕೊಂಡು, ಮೊದಲೇ ವಿಚಾರಿಸಿ ಇಟ್ಟಿದ್ದವರ ಹಾಗೆ ಹೇಳಿದರು. "ಇಲ್ಲೇ ಹಿಂದಿನ ಓಣ್ಯಾಗ ಚರ್ಚಿನ ಬೇಸ್‌ಮೆಂಟಿನೊಳಗ ಜೂಜು ಬಿಡವರು ಕೂಡ್ತಾರ, ಗುರುವಾರಕ್ಕೊಮ್ಮೆ. ಜಿಮ್ಮಿನ ತಮ್ಮ ಹೋಗ್ತಾನಂತ. ನಾ ಕರಕೊಂಡ ಹೋಗ್ತೀನಿ. ಒಳಗ ನೀವು ಹೋಗ್ರಿ, ಹೊರಗ ಗಾಡ್ಯಾಗ ನಾ ಇರ್ತೀನಿ."

"ಅಲ್ಲಿ ನಮ್ಮೋರು ಯಾರಾದ್ರೂ ನೋಡಿದ್ರೆ?"

"ಬಾರಿನ್ಯಾಗ ನೋಡಿದವರು ಚರ್ಚಿನ್ಯಾಗ ನೋಡಿದ್ರ ಏನಾತು?"

ಮೊದಲ ಗುರುವಾರ ಮೂರ್ತಿ ಬಾಗಿಲತನಕ ಹೋಗಿ ವಾಪಸು ಬಂದರು. ವ್ಯಾಗನ್ನಿನ ಕಿಟಕಿ ಇಳಿಸಿ ವೈನಿ, "ಮರತದ್ದೇನರ ಅದೇನು?" ಎಂದು ಕೇಳಿದರು. ಮೂರ್ತಿ ತಿರುಗಿ ಒಳಗೆ ಹೋದರು. ವಸಂತ ಬಂದ ಮೇಲೆ ಒಮ್ಮೆ ಜಾರಿದರು, ನ್ಯೂಯಾರ್ಕಿನಲ್ಲಿ, ಕಚೇರಿಯ ಹತ್ತಿರದ ಯಾವುದೋ ಬಾರಿನಲ್ಲಿ. ಆದರೆ ಅಲ್ಲಿಂದಲೇ ಪೇ ಫೋನಿನಲ್ಲಿ ವೈನಿಗೆ ಹೇಳಿದರು. "ಹೇಳಿದ್ರಲ್ಲಾ, ಛಲೋ ಮಾಡಿದ್ರಿ. ಗುರುವಾರ ಹೋಗೂಣು" ಎಂದರಂತೆ ಇವರು. ಅಷ್ಟೇ. ಬುದ್ಧಿವಾದ ಅವರಿಂದ ನಾನು ಕೇಳಿದ್ದೇ ಇಲ್ಲ. ಅವರಿಗೆ ಬರುತ್ತಿದ್ದದ್ದು ಕೂರುವುದೊಂದು, ಮತ್ತೆ ಬರುವುದೊಂದು. ಮುಂದಿನ ವರ್ಷದ ಯುಗಾದಿಗೆ ಮೂರ್ತಿ ಮತ್ತೆ ನಾಟಕ ಆಡಿಸಿದರು. ಮಧ್ಯದಲ್ಲಿ ಮಾತು ಮರೆತು ನಿಂತಾಗ ಸಭೆಯೆಲ್ಲ ನಕ್ಕಿತು, ಅವರೂ ನಕ್ಕರು. ವನಜಾ ಊಟದ ಸಾಲಿನಲ್ಲಿ ವೈನಿಯ ಪಕ್ಕ ನಿಂತು, ಬಂದವರಿಗೆಲ್ಲ ಹೋಳಿಗೆ ಬಡಿಸಿದಳು. ಬೇಡವೆಂದವರ ತಟ್ಟೆಗೂ ಹಾಕಿದಳು.

ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ಪೊಲೀಸರು ಬಾರುಗಳನ್ನು ಹೊಕ್ಕು ಇಸ್ಪೀಟ್ ಯಂತ್ರಗಳನ್ನು ಲಾರಿಗೆ ಏರಿಸಿಕೊಂಡು ಹೋದರು. ಫ್ರಾಂಕಿನಲ್ಲಿದ್ದದ್ದೂ ಹೋಯಿತು. ಕ್ವಿಜ್ ಯಂತ್ರ ಮತ್ತೆ ಒಂಟಿಯಾಗಿ ಉಳಿಯಿತು. ಈಗ ನಮ್ಮ ಕಾಲ ಬರುತ್ತದೆಂದು ನನಗೆ ಆಸೆಯಾಗಿತ್ತು. ಬರಲಿಲ್ಲ. ಅಷ್ಟರಲ್ಲಿ ಗೋಡೆಯ ಮೇಲೆ ದೊಡ್ಡ ದೊಡ್ಡ ಟೀವಿಗಳು ಬಂದಿದ್ದವು, ಹೊಸ ಹುಡುಗರು ಕತ್ತೆತ್ತಿ ಅವನ್ನೇ ನೋಡುತ್ತಿದ್ದರು. ಜಿಮ್ಮಿ ಮಗಳ ಮನೆಗೆಂದು ಫ್ಲಾರಿಡಾಕ್ಕೆ ಹೊರಟುಹೋದ. ಫ್ರಾಂಕ್ ಬಾರು ಮಾರಿದ. ಕೊನೆಯ ಯಂತ್ರವನ್ನು ತರಲು ಹೋದಾಗ ಅವನೇ ಒಂದು ಕೊನೆ ಹಿಡಿದು ವ್ಯಾಗನ್ನಿನವರೆಗೆ ಹೊತ್ತು ತಂದ. ಇನ್ನೇನು ಮಾಡುತ್ತೀ ವೈನಿ ಎಂದು ಕೇಳಿದ.

"ನಾಣ್ಯ ಹಾಕುವ ಮೆಷಿನ್ನು ಬಿಟ್ಟು ನನಗೇನು ಬರುತ್ತದೆ? ಅದನ್ನೇ ಮಾಡುತ್ತೇನೆ, ನೋಡ್ರಿ."

ಮಾಡಿದ್ದು ಲಾಂಡ್ರಿ. ಓಲ್ಡ್ ಬ್ರಿಡ್ಜಿನಲ್ಲಿ ಅಪಾರ್ಟ್‌ಮೆಂಟುಗಳ ನಡುವೆ, ನಾಣ್ಯ ಹಾಕಿ ಬಟ್ಟೆ ಒಗೆದುಕೊಳ್ಳುವ ಒಂದು ಸಣ್ಣ ಅಂಗಡಿ. ಅದು ಮೊದಲು ಪಿಜ್ಜಾ ಅಂಗಡಿಯಾಗಿತ್ತು. ಗೋಡೆಯ ಎಣ್ಣೆ ಜಿಡ್ಡನ್ನು ನಾನು, ವನಜಾ, ವೈನಿ ಮೂವರೂ ಸೀರೆ ಎತ್ತಿ ಕಟ್ಟಿ ಉಜ್ಜಿ ತೆಗೆದೆವು. ಮೂರ್ತಿ ಏಣಿ ಹತ್ತಿ ಬಣ್ಣ ಹೊಡೆದರು, ಹೊಡೆಯುತ್ತ ಯಾವುದೋ ನಾಟಕದ ಮಾತುಗಳನ್ನು ಹೇಳುತ್ತಿದ್ದರು. ವೈರಿಂಗ್ ಮಾಡುವವನ ಹಿಂದೆಯೇ ವೈನಿ ಸೀಮೆಸುಣ್ಣ ಹಿಡಿದು, ಇಲ್ಲಿ ಒಂದು ಪಾಯಿಂಟ್, ಇಲ್ಲಿ ಒಂದು ಎಂದು ಗುರುತು ಮಾಡಿಸುತ್ತ ತಿರುಗಿದರು. ತೆರೆದ ಮೊದಲ ದಿನ ಬಂದವರು ಒಬ್ಬ ಪೋಲಿಷ್ ಮುದುಕಿ, ಡಯಾಪರಿನ ವಯಸ್ಸಿನ ಅವಳಿ ಮಕ್ಕಳ ಒಬ್ಬ ತಾಯಿ, ಆಮೇಲೆ ಗುಜರಾತಿಗಳ ಒಂದು ಸಂಸಾರ. ಯಂತ್ರಗಳು ಗುಡುಗಿ ತಿರುಗತೊಡಗಿದಾಗ ವೈನಿ ಒಂದೊಂದರ ಮೇಲೂ ಅಂಗೈಯಿಟ್ಟು ನೋಡಿದರು.

ಅಂಗಡಿ ನಡೆಯತೊಡಗಿದ ಕೆಲವು ವಾರಗಳ ಮೇಲೆ, ನಾನು ಅಲ್ಲಿದ್ದ ಒಂದು ಮಧ್ಯಾಹ್ನ, ಸೂಟು ತೊಟ್ಟ ಒಬ್ಬ ಒಳಗೆ ಬಂದ. ಕೈಯಲ್ಲಿ ಬಣ್ಣಬಣ್ಣದ ಚಿತ್ರಗಳ ಪುಸ್ತಕ. ಗಿರಾಕಿಗಳು ಕೂತು ಕಾಯುವ ಬೆಂಚನ್ನು ನೋಡಿದ, ಕಿಟಕಿಯ ಪಕ್ಕದ ಖಾಲಿ ಮೂಲೆಯನ್ನು ನೋಡಿದ.

"ಬಟ್ಟೆ ಒಣಗುವತನಕ ಇವರೆಲ್ಲ ಸುಮ್ಮನೆ ಕೂತಿರುತ್ತಾರಲ್ಲ ಮೇಡಂ. ನಮ್ಮದೊಂದು ಮೆಷಿನ್ನು ಆ ಮೂಲೆಯಲ್ಲಿಟ್ಟರೆ ನಿಮ್ಮ ಬಾಡಿಗೆ ಅದೇ ಕಟ್ಟುತ್ತದೆ. ಇದು ಜೂಜಲ್ಲ. ಪೊಲೀಸರೂ ಕೇಳುವುದಿಲ್ಲ. ಇದು ಸ್ಕಿಲ್ಲಿನ ಆಟ."

ವೈನಿ ಬಟ್ಟೆ ಮಡಿಸುತ್ತಿದ್ದವರು ತಲೆಯೆತ್ತಲಿಲ್ಲ. "ಜಾಗ ನೋಡಿಕೋ" ಎಂದರು.

ಅವನಿಗೆ ಖುಷಿಯಾಯಿತು. ಮೂಲೆಗೆ ಹೋಗಿ ಅಗಲ ಅಂದಾಜು ಮಾಡಿದ, ಗೋಡೆಯನ್ನು ನೋಡಿದ. ಬಾಗಿದ. ಮಂಡಿಯೂರಿ ಬೆಂಚಿನ ಕೆಳಗೆ ಇಣುಕಿದ. ಎದ್ದು ಸೂಟಿನ ಧೂಳು ಕೊಡವಿಕೊಂಡು, ಕಿಟಕಿಯ ಕೆಳಗೂ ಕೈಯಾಡಿಸಿ ಹುಡುಕಿದ.

"ಇಲ್ಲಿ ಪ್ಲಗ್ ಪಾಯಿಂಟ್ ಎಲ್ಲಿದೆ ಮೇಡಂ?"

"ಇಲ್ಲ" ಎಂದರು ವೈನಿ. "ಆ ಗೋಡೆಗೆ ನಾನು ಹಾಕಿಸಲೇ ಇಲ್ಲ."